ಗಾಳಿ ಮೊದಲು, ಗುರಿ ಆಮೇಲೆ: ವಿಸ್ಕಾನ್ಸಿನ್ ಗುಡ್ಡದ ಒಂದು ಜಿಂಕೆ ಬೇಟೆ

ಪ್ರಕರಣ ಇಷ್ಟು. ತೀರ್ಥಹಳ್ಳಿ ಕಡೆಯಿಂದ ಬಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನೆಲೆಸಿರುವ ಗೆಳೆಯರೊಬ್ಬರು ಎರಡು ಸೀಸನ್ ಜಿಂಕೆ ಬೇಟೆಗೆ ಹೋಗಿ ಬರಿಗೈಯಲ್ಲಿ ಬಂದರು. ಮೂರನೇ ಸೀಸನ್‌ನಲ್ಲಿ ಹೊಡೆದರು. ಬಂದೂಕು ಅದೇ, ಗುಡ್ಡ ಅದೇ. ಗುರಿ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಹಾಗಾದರೆ ಬದಲಾದದ್ದು ಏನು ಅನ್ನೋದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬಿಡಿಸಿ ಬರೆದಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ.

ಊರಲ್ಲಿ ಕೂತು ಓದುವವರಿಗೆ ಮೊದಲೇ ಒಂದು ಮಾತು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಹೊಡೆಯುವಂತಿಲ್ಲ. ಹೊಡೆದು ಸಿಕ್ಕಿಬಿದ್ದರೆ ಜೈಲು. ಅಜ್ಜ ಮರಸು (ಬೇಟೆಗೆ ಹೊಂಚು ಹಾಕಿ) ಕೂರುತ್ತಿದ್ದರು ಅನ್ನೋ ಕತೆಯೆಲ್ಲ ಅಜ್ಜನ ಕಾಲಕ್ಕೇ ಮುಗಿಯಿತು. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ವೈಟ್‌ಟೇಲ್ ಜಿಂಕೆ ಹೇರಳವಾಗಿದೆ, ತಿನ್ನಲು ಮೆಕ್ಕೆಜೋಳ, ಸೋಯಾ ಹೊಲಗಳು ಧಾರಾಳ. ಅವುಗಳ ಸಂಖ್ಯೆಯನ್ನು ಹತೋಟಿಯಲ್ಲಿಡಲು ರಾಜ್ಯಗಳು ಬೇಟೆಗಾರರನ್ನೇ ನಂಬಿಕೊಂಡಿವೆ. ವಿಸ್ಕಾನ್ಸಿನ್ ಒಂದರಲ್ಲೇ ಬಂದೂಕಿನ ಸೀಸನ್‌ಗೆ ಐದು ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ತಗೊಳ್ತಾರೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗಿ ಒಂಬತ್ತು ದಿನ ನಡೆಯುವ ಆ ಸೀಸನ್ ಅಂದರೆ ಅಲ್ಲಿನವರಿಗೆ ಜಾತ್ರೆಯೇ.

ಕಾಗದಪತ್ರದ ವಿಷಯ ಬೇಗ ಮುಗಿಸಿಬಿಡ್ತೀನಿ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಅಲ್ಲಿ ಬೇಟೆ ಲೈಸೆನ್ಸ್ ಪಡೆಯಬೇಕಾದರೆ ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ನಮ್ಮ ಗೆಳೆಯರು ಮುಗಿಸಿದ್ದರು. ಗ್ರೀನ್ ಕಾರ್ಡ್ ಇದ್ದಿದ್ದರಿಂದ ಬಂದೂಕು ಇಟ್ಟುಕೊಳ್ಳಲು ತಕರಾರು ಇರಲಿಲ್ಲ. ವೀಸಾದ ಮೇಲೆ ಇರುವವರಿಗೆ ಬಂದೂಕಿನ ಕಾನೂನು ಬಿಗಿ, ಕೈ ಹಾಕುವ ಮುಂಚೆ ವಿಚಾರಿಸಿಕೊಳ್ಳಿ. ಬಂದೂಕಿನ ಸೀಸನ್‌ನಲ್ಲಿ ಸೊಂಟದ ಮೇಲಿನ ಹೊರಬಟ್ಟೆಯ ಅರ್ಧದಷ್ಟಾದರೂ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ್ದಿರಬೇಕು. 2016ರಿಂದ ಹೊಳೆಯುವ ಗುಲಾಬಿ ಬಣ್ಣಕ್ಕೂ ಒಪ್ಪಿಗೆ ಇದೆ. ಇಷ್ಟು ಢಾಳಾದ ಬಟ್ಟೆ ಹಾಕಿದರೆ ಜಿಂಕೆಗೆ ಕಾಣಲ್ವಾ ಅಂತ ಹೊಸಬರು ಕೇಳ್ತಾರೆ. ಜಿಂಕೆಗೆ ಕೆಂಪು, ಕಿತ್ತಳೆ ಸರಿಯಾಗಿ ಗೊತ್ತಾಗುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ನೀಲಿ ಜೀನ್ಸ್ ಹಾಕಿಕೊಂಡು ಮೇಲೆ ಎರಡು ಸಾವಿರ ರೂಪಾಯಿ ಬಾಳುವ ಎಲೆಚಿತ್ರದ ಟೋಪಿ ಇಟ್ಟುಕೊಂಡರೆ ಏನೂ ಪ್ರಯೋಜನವಿಲ್ಲ.

ಈಗ ಜಾಗಕ್ಕೆ ಬರೋಣ. ಮ್ಯಾಡಿಸನ್‌ನಿಂದ ಪಶ್ಚಿಮಕ್ಕೆ ಹೋದರೆ ವಿಸ್ಕಾನ್ಸಿನ್ ನದಿಯ ಎರಡೂ ಬದಿಗೆ ಗುಡ್ಡಗಳು ಸಿಗುತ್ತವೆ. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ನೀರ್ಗಲ್ಲು ಉಜ್ಜಿ ಚಪ್ಪಟೆ ಮಾಡಿದಾಗ ಈ ಭಾಗ ಮಾತ್ರ ಉಳಿದುಕೊಂಡಿತು. ಡ್ರಿಫ್ಟ್‌ಲೆಸ್ ಅಂತ ಕರೆಯುತ್ತಾರೆ. ಕಡಿದಾದ ಇಳಿಜಾರು, ಓಕ್ ಮರಗಳು, ಕಣಿವೆಯಲ್ಲಿ ಹೊಲ, ಹೊಲದ ಪಕ್ಕ ತೊರೆ. ಮಲೆನಾಡಿನವರಿಗೆ ಮೊದಲ ನೋಟಕ್ಕೇ ಹಿಡಿಸುವ ಜಾಗ. ನದಿಯ ಉದ್ದಕ್ಕೂ ಸಾರ್ವಜನಿಕ ಬೇಟೆಗೆ ತೆರೆದ ನೆಲ ಸಾಕಷ್ಟಿದೆ. ಗೆಳೆಯರು ಆರಿಸಿಕೊಂಡಿದ್ದು ಅಂಥದ್ದೇ ಒಂದು ಗುಡ್ಡ.

ಆ ಗುಡ್ಡದ ಚಿತ್ರ ತಲೆಯಲ್ಲಿ ಸರಿಯಾಗಿ ಕೂತರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಗುಡ್ಡದ ಏಣು, ಅಂದರೆ ಮೇಲಿನ ಉದ್ದನೆಯ ನೆತ್ತಿ, ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ಉತ್ತರದ ಕಣಿವೆಯಲ್ಲಿ ಖಾಸಗಿ ಹೊಲಗಳು. ದಕ್ಷಿಣದ ಕಣಿವೆಯಲ್ಲಿ ಕಾಡು, ಕೆಳಗೆ ತೊರೆ, ತೊರೆಯಾಚೆ ರಸ್ತೆ. ಏಣಿನ ನಡುವೆ ಒಂದು ಕಡೆ ನೆಲ ತಗ್ಗಿ ಕಂಡಿಯಾಗಿದೆ. ಪ್ರಾಣಿಗಳು ಗುಡ್ಡ ದಾಟುವುದು ಅಲ್ಲೇ, ಯಾಕಂದ್ರೆ ಹತ್ತುವ ಕಷ್ಟ ಅಲ್ಲಿ ಕಮ್ಮಿ. ಕಂಡಿಯ ಪಶ್ಚಿಮಕ್ಕೆ ಗುಡ್ಡದ ಒಂದು ಭಾಗ ಮೂಗಿನ ಹಾಗೆ ದಕ್ಷಿಣದ ಕಡೆ ಚಾಚಿದೆ, ಅದನ್ನು ಮೂಗು ಅಂತಲೇ ಕರೆಯೋಣ. ಪೂರ್ವಕ್ಕೆ ಕಡಿದಾದ, ಬರೀ ಬಂಡೆ ತುಂಬಿದ ಕೊರಕಲು. ಕಾರು ನಿಲ್ಲಿಸುವ ಜಾಗ ಗುಡ್ಡದ ಮೇಲೆ, ಪಶ್ಚಿಮದ ತುದಿಯಲ್ಲಿ. ಅಲ್ಲಿಂದ ಏಣಿನ ಮೇಲೇ ಹಳೆಯ ಮರ ಸಾಗಿಸುವ ದಾರಿ, ನಡೆಯಲು ಸುಖ.

ಮೊದಲ ಎರಡು ಸೀಸನ್ ಗೆಳೆಯರು ಆ ಸುಖದ ದಾರಿಯಲ್ಲೇ ಹೋದರು. ಕತ್ತಲಲ್ಲಿ ಏಣಿನ ಮೇಲೆ ನಡೆದು, ಮೂಗಿನ ನೆತ್ತಿಯಲ್ಲಿ ಮರ ಹತ್ತಿ ಕೂರುವುದು. ಕಂಡಿ ಕಾಣುತ್ತದೆ, ಇಳಿಜಾರೂ ಕಾಣುತ್ತದೆ. ನಕ್ಷೆಯಲ್ಲಿ ನೋಡಿದರೆ ಯಾರಾದರೂ ಆರಿಸುವ ಜಾಗ. ಬೆಳಗ್ಗೆ ಕೂರುತ್ತಿದ್ದರು, 11ರ ಸುಮಾರಿಗೆ ಚಳಿ, ಹಸಿವು ತಡೆಯದೆ ಇಳಿದು ಕಾರಿಗೆ ಹೋಗಿ ಊಟ ಮಾಡುತ್ತಿದ್ದರು, ಎರಡು ಗಂಟೆಗೆ ವಾಪಸ್. ಜಿಂಕೆಯ ಬಾಲ ಕಂಡಿದ್ದೇ ಹೆಚ್ಚು. ಅವರು ಎಲ್ಲ ಸಾಮಾನಿನ ಮೇಲೂ ಸಂಶಯಪಟ್ಟರು. ವಾಸನೆ ಮುಚ್ಚುವ ಸ್ಪ್ರೇ ಕೊಂಡರು, ಹೆಣ್ಣು ಜಿಂಕೆಯ ಮೂತ್ರದ ಬಾಟಲಿ ಕೊಂಡರು, ಕೊಂಬು ತಿಕ್ಕುವ ಶಬ್ದ ಮಾಡುವ ಚೀಲ ಕೊಂಡರು. ಅಂಗಡಿಯವನಿಗೆ ಒಳ್ಳೆಯ ಸೀಸನ್.

ನನಗೆ ಸುಳಿವು ಸಿಕ್ಕಿದ್ದು ಅವರು ಸುಮ್ನೆ ಹೇಳಿದ ಒಂದು ಮಾತಿನಿಂದ. "ಬೆಳಕು ಹರಿಯೋ ಮೊದ್ಲೇ ಕೆಳಗಿಂದ ಯಾರೋ ಜೋರಾಗಿ ಮೂಗು ಸೀನಿದ ಹಾಗೆ ಕೇಳ್ತದೆ ಮಾರಾಯ್ರೆ, ಎರಡು ವರ್ಷದಿಂದ್ಲೂ." ಅದು ಜಿಂಕೆ ಉಸಿರು ಊದುವ ಶಬ್ದ. ಮನುಷ್ಯನ ವಾಸನೆ ಮೂಗಿಗೆ ಬಡಿದಾಗ ವೈಟ್‌ಟೇಲ್ ಹಾಗೆ ಊದಿ, ಬಾಲ ಎತ್ತಿ, ಉಳಿದವಕ್ಕೂ ಸುದ್ದಿ ಮುಟ್ಟಿಸಿ ಹೋಗುತ್ತದೆ. ಅಂದರೆ ಇವರು ಕೂರುವ ಹೊತ್ತಿಗೇ ಆ ದಿನದ ಬೇಟೆ ಮುಗಿದಿರುತ್ತಿತ್ತು. ಆಮೇಲಿನ ನಾಲ್ಕು ಗಂಟೆ ಚಳಿಯಲ್ಲಿ ಸುಮ್ಮನೆ ಕೂತದ್ದಷ್ಟೇ.

ಫೆಬ್ರವರಿಯಲ್ಲಿ ಇಬ್ಬರೂ ಆ ಗುಡ್ಡಕ್ಕೆ ಹೋದೆವು. ಜಾಗ ನೋಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಅಂತ ನನ್ನ ಅಭಿಪ್ರಾಯ. ಸೀಸನ್ ಮುಗಿದಿರುತ್ತದೆ, ಜಿಂಕೆ ಬೆದರಿದರೂ ನಷ್ಟವಿಲ್ಲ. ಎಲೆ ಉದುರಿ ಕಾಡು ತೆರೆದಿರುತ್ತದೆ, ನೆಲದ ಮೇಲೆ ಹಿಮ. ಯಾವ ಜಾಡು ಎಲ್ಲಿಂದ ಎಲ್ಲಿಗೆ ಅಂತ ಬಿಳಿ ಹಾಳೆಯ ಮೇಲೆ ಬರೆದಿಟ್ಟಂತೆ ಕಾಣುತ್ತದೆ. ನವೆಂಬರ್‌ನಲ್ಲಿ ಗಂಡುಗಳು ಕೊಂಬಿನಿಂದ ತೊಗಟೆ ಉಜ್ಜಿದ ಸಣ್ಣ ಮರಗಳೂ ಇನ್ನೂ ಹಾಗೇ ಇರುತ್ತವೆ. ಉಜ್ಜಿದ ಗುರುತು ಮರದ ಯಾವ ಬದಿಗೆ ಇದೆ ಅಂತ ನೋಡಿದರೆ ಅದು ಯಾವ ಕಡೆಯಿಂದ ಬಂತು ಅನ್ನೋದು ಹೆಚ್ಚುಕಮ್ಮಿ ತಿಳಿಯುತ್ತದೆ.

ಮೂಗಿನ ಆಗ್ನೇಯದ ಇಳಿಜಾರಿನಲ್ಲಿ, ನೆತ್ತಿಯಿಂದ ಸ್ವಲ್ಪವೇ ಕೆಳಗೆ, ಅವುಗಳ ಮಲಗುವ ಜಾಗ ಸಿಕ್ಕಿತು. ಹಿಮ ಕರಗಿ ಮೊಟ್ಟೆಯಾಕಾರದ ಗುಂಡಿಗಳಾಗಿದ್ದವು. ತಳದಲ್ಲಿ ಒತ್ತಿಹೋದ ಓಕ್ ಎಲೆ, ಕಂದು ಕೂದಲು, ಪಕ್ಕದಲ್ಲಿ ಹಿಕ್ಕೆ. ಅಲ್ಲೇ ಕೂತು ನೋಡಿದರೆ ಯಾಕೆ ಆ ಜಾಗ ಅಂತ ಅರ್ಥವಾಯಿತು. ಚಳಿಗಾಲದ ವಾಯವ್ಯದ ಗಾಳಿ ಬೆನ್ನ ಹಿಂದಿನ ಏಣನ್ನು ದಾಟಿ ಬರುತ್ತದೆ, ಹಿಂದಿನಿಂದ ಯಾರು ಬಂದರೂ ಮೂಗಿಗೆ ಗೊತ್ತಾಗುತ್ತದೆ. ಮುಂದಿನದನ್ನು ಕಣ್ಣು ನೋಡಿಕೊಳ್ಳುತ್ತದೆ. ಜೊತೆಗೆ ಬೆಳಗಿನ ಬಿಸಿಲು. ನಮ್ಮ ಗೆಳೆಯರ ಮರ ಇದ್ದದ್ದು ಈ ಗುಂಡಿಗಳ ನೇರ ಮೇಲೆ, ನೆತ್ತಿಯಲ್ಲಿ. ನಡೆದು ಬರುತ್ತಿದ್ದ ದಾರಿಯೂ ಗಾಳಿ ಬರುವ ಕಡೆಯದ್ದೇ. ಕಾರಿನ ಬಾಗಿಲು ಹಾಕಿದಾಗಿನಿಂದ ಅವರ ಬೆವರಿನ ವಾಸನೆ ಅವುಗಳ ಹಾಸಿಗೆಗೆ ಇಳಿಯುತ್ತಿತ್ತು.

ಇನ್ನೊಂದು ವಿಷಯ ಗುಡ್ಡಗಾಡಿಗೇ ಸೇರಿದ್ದು. ಹವಾಮಾನದ ಆ್ಯಪ್ ಗಾಳಿಯ ದಿಕ್ಕು ಒಂದೇ ಹೇಳುತ್ತದೆ. ಗುಡ್ಡದಲ್ಲಿ ಅದರ ಮೇಲೆ ಇನ್ನೊಂದು ಹರಿವು ಇರುತ್ತದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತದೆ. ಬಿಸಿಲು ನೆಲಕ್ಕೆ ತಾಗಿದ ಮೇಲೆ ಅದೇ ಗಾಳಿ ಹಗುರಾಗಿ ಮೇಲಕ್ಕೆ ಏಳುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಮಿಲ್ಕ್‌ವೀಡ್ ಕಾಯಿಯ ಒಳಗಿನ ರೇಷ್ಮೆಯಂಥ ಎಳೆ ಸಾಕು. ಅದು ನಮ್ಮ ಎಕ್ಕದ ಬಳಗದ ಗಿಡ. ಕಾಯಿ ಒಡೆದರೆ ಎಕ್ಕದ ಹತ್ತಿಯ ಥರವೇ ಬೀಜಕ್ಕೆ ಅಂಟಿದ ಬಿಳಿ ಎಳೆಗಳು. ಒಂದನ್ನು ಬಿಟ್ಟು ನೋಡುತ್ತ ನಿಂತರೆ ಎಪ್ಪತ್ತು, ಎಂಬತ್ತು ಗಜ ತೇಲಿ ಹೋಗುವವರೆಗೂ ಕಾಣುತ್ತದೆ. ಗಾಳಿ ನೋಡಲು ಅಂಗಡಿಯಲ್ಲಿ ಮಾರುವ ಪುಡಿ ಡಬ್ಬಿ ಒತ್ತಿದರೆ ಎರಡು ಮಾರು ದೂರದಲ್ಲೇ ಮಾಯ. ನಾವು ಕಂಡಿಯ ಹತ್ತಿರ ಬಿಟ್ಟ ಎಳೆ ಮೊದಲು ನೇರ ಹೋಗಿ, ಕೊರಕಲಿನ ಬಾಯಿಯಲ್ಲಿ ತಿರುಗಿ, ಬಂಡೆಗಳ ನಡುವೆ ಕೆಳಗಿಳಿಯಿತು. ಆ ಕೊರಕಲಿನಲ್ಲಿ ಒಂದೇ ಒಂದು ಹೆಜ್ಜೆ ಗುರುತಿರಲಿಲ್ಲ. ಜಿಂಕೆ ಹೋಗದ ಜಾಗ. ನಮ್ಮ ವಾಸನೆಯನ್ನು ಸುರಿಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ?

ಹೊಸ ಯೋಜನೆ ಅಲ್ಲೇ ಹುಟ್ಟಿತು. ಮೇಲಿನ ಪಾರ್ಕಿಂಗ್ ಬಿಡುವುದು. ದಕ್ಷಿಣದ ರಸ್ತೆಯಲ್ಲಿ ಕಾರು ನಿಲ್ಲಿಸಿ, ತೊರೆಯ ಅಂಚಿನಲ್ಲೇ ನಡೆದು, ಕೊರಕಲು ಹತ್ತಿ ಕಂಡಿಯ ಪೂರ್ವಕ್ಕೆ ಬರುವುದು. ದಾರಿ ಉದ್ದ, ಕಷ್ಟವೂ ಜಾಸ್ತಿ. ಆದರೆ ನಸುಕಿನಲ್ಲಿ ಹೆಚ್ಚಿನ ಜಿಂಕೆಗಳು ಉತ್ತರದ ಹೊಲಗಳಲ್ಲಿ ಮೇಯುತ್ತಿರುತ್ತವೆ, ನಡುವೆ ಇಡೀ ಗುಡ್ಡ ಅಡ್ಡ. ತೊರೆಯ ಶಬ್ದದಲ್ಲಿ ಕಾಲಡಿಯ ಎಲೆಯ ಸದ್ದು ಅಡಗುತ್ತದೆ. ಇಳಿಯುವ ತಣ್ಣಗಾಳಿ ವಾಸನೆಯನ್ನು ಬೆನ್ನ ಹಿಂದೆ ತೊರೆಗೇ ಒಯ್ಯುತ್ತದೆ. ಬೆಳಕಾದ ಮೇಲೆ ಅವು ಹೊಲದಿಂದ ಕಂಡಿ ದಾಟಿ ಮೂಗಿನ ಕಡೆ ತಿರುಗುವಾಗ ಇವರು ಅಡ್ಡಗಾಳಿಯಲ್ಲಿ ಕೂತಿರುತ್ತಾರೆ. ಒಂದು ಶರತ್ತು ಮಾತ್ರ ಹಾಕಿಕೊಂಡರು. ಗಾಳಿ ವಾಯವ್ಯ ಅಥವಾ ಪಶ್ಚಿಮದಿಂದ ಇದ್ದರೆ ಮಾತ್ರ ಇಲ್ಲಿ. ಬೇರೆ ದಿಕ್ಕಾದರೆ ಇನ್ನೊಂದು ಗುಡ್ಡ. ನನ್ನ ಪ್ರಕಾರ ಅವರು ಕಲಿತದ್ದರಲ್ಲಿ ಇದೇ ದೊಡ್ಡದು. ಒಳ್ಳೆಯ ಜಾಗವನ್ನು ತಪ್ಪು ಗಾಳಿಯಲ್ಲಿ ಒಂದು ಸಲ ಕೂತು ಕೆಡಿಸಿದರೆ ಆ ಸೀಸನ್ ಪೂರ್ತಿ ಅದು ಕೆಟ್ಟಂತೆಯೇ.

ಮರ ಹತ್ತುವುದನ್ನೂ ಬಿಟ್ಟರು. ದಪ್ಪ ಓಕ್ ಮರಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂತರೂ ಕಂಡಿ ಪೂರ್ತಿ ಕಾಣುತ್ತಿತ್ತು. ಹತ್ತುವವರು ಇಡೀ ಮೈಗೆ ಬಿಗಿಯುವ ಪಟ್ಟಿಯನ್ನು ನೆಲ ಬಿಡುವ ಮೊದಲೇ ಕಟ್ಟಿಕೊಳ್ಳಬೇಕು. ಬಂದೂಕನ್ನು ಖಾಲಿ ಮಾಡಿ ಹಗ್ಗದಿಂದ ಆಮೇಲೆ ಎಳೆದುಕೊಳ್ಳಬೇಕು. ಮರದಿಂದ ಬಿದ್ದು ಬೆನ್ನು ಮುರಿದುಕೊಂಡವರ ಸುದ್ದಿ ಪ್ರತಿ ವರ್ಷ ಇರುತ್ತದೆ.

ಗುರಿಯ ಅಭ್ಯಾಸದಲ್ಲಿ ಸಣ್ಣ ಬದಲಾವಣೆ ಆಯಿತು. ಅವರ .308 ರೈಫಲ್ 100 ಗಜಕ್ಕೆ ಸರಿಯಾಗಿ ಹೊಂದಿಸಿದ್ದಿತ್ತು. ಆದರೆ ಅಭ್ಯಾಸವೆಲ್ಲ ಮೇಜಿನ ಮೇಲೆ, ಮರಳಿನ ಚೀಲದ ಆಸರೆಯಲ್ಲಿ. ಕಾಡಲ್ಲಿ ಮೇಜು ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ನೆಲದ ಮೇಲೆ ಕೂತು, ಮೊಣಕಾಲಿಗೆ ಮೊಣಕೈ ಆನಿಸಿ, ದಪ್ಪ ಕೋಟು, ಕೈಗವಸು ಹಾಕಿಕೊಂಡೇ ಹೊಡೆಯುವುದನ್ನು ರೂಢಿ ಮಾಡಿಕೊಂಡರು. ಸೀಸದ ಬದಲು ತಾಮ್ರದ ಗುಂಡಿಗೆ ಬಂದರು. ಸೀಸದ ಗುಂಡು ಒಳಗೆ ಚೂರಾಗಿ, ಕಣ್ಣಿಗೆ ಕಾಣದ ಕಣಗಳು ಗಾಯದಿಂದ ದೂರದ ಮಾಂಸದಲ್ಲೂ ಉಳಿಯುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಇದನ್ನು ಯೋಚಿಸಲೇಬೇಕು. ಗುಂಡಿನ ಪೆಟ್ಟಿಗೆ ಮಾತ್ರ ದುಬಾರಿ.

ಸೀಸನ್‌ನ ಮೊದಲ ಶನಿವಾರ. ಗಾಳಿ ವಾಯವ್ಯದಿಂದ, ಚಳಿ ಸೊನ್ನೆಗಿಂತ ಕೆಳಗೆ. ಹತ್ತುವಾಗ ಬೆವರಬಾರದು ಅಂತ ಕೋಟನ್ನು ಬೆನ್ನಚೀಲದಲ್ಲಿಟ್ಟು, ತೆಳ್ಳಗಿನ ಬಟ್ಟೆಯ ಮೇಲೆ ಕಿತ್ತಳೆ ಅಂಗಿ ಹಾಕಿ ನಿಧಾನ ಹತ್ತಿದರು. ಕೂತ ಮೇಲೆ ಕೋಟು. ಬೆವರಿ ಕೂತವರು ಗಂಟೆಯೊಳಗೆ ನಡುಗಿ ಇಳಿದುಬಿಡುತ್ತಾರೆ. ಎಂಟರ ಸುಮಾರಿಗೆ ಒಂದು ಹೆಣ್ಣು, ಎರಡು ಮರಿ ಕಂಡಿ ದಾಟಿ ಮೂಗಿನ ಕಡೆ ಹೋದವು. ತಲೆ ಎತ್ತಲಿಲ್ಲ, ಊದಲಿಲ್ಲ. ಯೋಜನೆ ಸರಿ ಅನ್ನೋದಕ್ಕೆ ಅಷ್ಟೇ ಸಾಕಿತ್ತು. ಹೆಣ್ಣಿಗೆ ಅವರ ಬಳಿ ಪರವಾನಗಿ ಇತ್ತು. ಹೊಡೆಯಲಿಲ್ಲ, ಕೊಂಬಿನ ಆಸೆ.

ಹನ್ನೊಂದಾಯಿತು. ಈ ಸಲ ರೊಟ್ಟಿ, ಫ್ಲಾಸ್ಕ್‌ನಲ್ಲಿ ಕಾಫಿ ಜೊತೆಗೇ ಇತ್ತು, ಇಳಿಯುವ ಮಾತಿಲ್ಲ. ಸುತ್ತಲಿನ ಗುಡ್ಡಗಳಲ್ಲಿ ಉಳಿದ ಬೇಟೆಗಾರರು ಊಟಕ್ಕೆ ಇಳಿಯುವ ಹೊತ್ತು ಅದು. ಅವರು ಓಡಾಡಿದಷ್ಟೂ ಜಿಂಕೆಗಳು ಜಾಗ ಬದಲಿಸುತ್ತವೆ. ಒಂದು ರೀತಿಯಲ್ಲಿ ನಮ್ಮ ಕಡೆಯ ಸೋವು (ಪ್ರಾಣಿಗಳನ್ನು ಬೆದರಿಸಿ ಬೇಟೆಗಾರನ ಕಡೆ ಓಡಿಸುವುದು), ಸೋವುವವರಿಗೇ ಗೊತ್ತಿಲ್ಲ ಅಷ್ಟೆ. ಸ್ವಲ್ಪ ಹೊತ್ತಿಗೆ ಉತ್ತರದಿಂದ ಒಂಟಿ ಗಂಡು ಕಂಡಿಗೆ ಬಂತು. ಎಪ್ಪತ್ತು ಗಜ ಇರಬಹುದು. ಹಿಂದೆ ಇಳಿಜಾರಿನ ಮಣ್ಣು, ಗುಂಡು ತಪ್ಪಿದರೂ ಯಾರಿಗೂ ತಗುಲುವಂತಿಲ್ಲ. ಅದು ಪಕ್ಕೆ ತೋರಿಸಿತು. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗ, ಅಲ್ಲಿ ಹೃದಯ, ಶ್ವಾಸಕೋಶ ಎರಡೂ ಇವೆ. ಬಂದೂಕಿನ ಕುದುರೆ ಒತ್ತುವ ಕ್ಷಣಕ್ಕೆ ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತು. ಈಡು ಸ್ವಲ್ಪ ಹಿಂದಕ್ಕೆ ಬಿತ್ತು. ಜಿಂಕೆ ಬೆನ್ನು ಬಗ್ಗಿಸಿ ದಕ್ಷಿಣಕ್ಕೆ ಓಡಿತು.

ನನ್ನ ಫೋನಿಗೆ ಅವರ ಮೆಸೇಜ್ ಬಂತು. "ಹೊಡ್ದೆ. ಓಡಿ ಹೋಯ್ತು. ಹಿಂದೆ ಹೋಗ್ಲಾ ಮಾರಾಯ್ರೆ?"

"ಬೇಡ. ಅರ್ಧ ಗಂಟೆ ಕೂತ್ಕೊಳಿ. ಆಮೇಲೆ ನಿಂತಿದ್ದ ಜಾಗಕ್ಕೆ ಮಾತ್ರ ಹೋಗಿ ರಕ್ತದ ಫೋಟೊ ಕಳ್ಸಿ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನ ಹೊಸಬರು ಜಿಂಕೆ ಕಳೆದುಕೊಳ್ಳುವುದು ಈಡು ತಪ್ಪಿ ಅಲ್ಲ, ಈಡು ಬಿದ್ದ ಮೇಲೆ. ರಕ್ತ ತಿಳಿ ಗುಲಾಬಿಯಾಗಿ ನೊರೆ ನೊರೆ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ, ಅರ್ಧ ಗಂಟೆ ಕಾದರೆ ಸಾಕು. ಕಡುಗೆಂಪು, ನೊರೆ ಇಲ್ಲ ಅಂದರೆ ಪಿತ್ತಜನಕಾಂಗ. ಮೂರು, ನಾಲ್ಕು ಗಂಟೆ ಬಿಡಬೇಕು. ಹಸಿರು ಕಸ, ಕೆಟ್ಟ ವಾಸನೆ ಇದ್ದರೆ ಹೊಟ್ಟೆ, ಕಮ್ಮಿ ಅಂದರೂ ಎಂಟು ಗಂಟೆ. ಗಾಯಗೊಂಡ ಜಿಂಕೆ ಯಾರೂ ಬೆನ್ನಟ್ಟದಿದ್ದರೆ ಸ್ವಲ್ಪ ದೂರ ಹೋಗಿ ಮಲಗುತ್ತದೆ, ಅಲ್ಲೇ ಸಾಯುತ್ತದೆ. ಬೆನ್ನಟ್ಟಿದರೆ ಎದ್ದು ಮೈಲುಗಟ್ಟಲೆ ಹೋಗುತ್ತದೆ, ನಿಮಗೂ ಸಿಗುವುದಿಲ್ಲ, ನರಳುವುದೂ ಜಾಸ್ತಿ.

ಫೋಟೊದಲ್ಲಿದ್ದದ್ದು ಕಡುಗೆಂಪು. ಕಾಯಲು ಹೇಳಿದೆ. ನವೆಂಬರ್ ಕೊನೆಗೆ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ಕಾಯುವುದು ಹೇಳಿದಷ್ಟು ಸುಲಭ ಅಲ್ಲ. ಚಳಿ ಇದ್ದಿದ್ದರಿಂದ ಮಾಂಸ ಕೆಡುವ ಭಯ ಇರಲಿಲ್ಲ. ಮೂರು ದಾಟಿದ ಮೇಲೆ ಜಾಡು ಹಿಡಿದರು. ರಕ್ತ ಕಂಡಲ್ಲೆಲ್ಲ ಟಾಯ್ಲೆಟ್ ಪೇಪರ್‌ನ ಒಂದು ಚೂರು ಇಡುತ್ತ ಹೋಗುವುದು. ಜಾಡು ತಪ್ಪಿದಾಗ ಹಿಂತಿರುಗಿ ನೋಡಿದರೆ ಬಿಳಿ ಚೂರುಗಳ ಸಾಲು ದಿಕ್ಕು ಹೇಳುತ್ತದೆ. ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲೇ ನಡೆಯಬೇಕು. ಒಂದು ಕಡೆ ನೆಲದ ಮೇಲೆ ಏನೂ ಇರಲಿಲ್ಲ. ಮೊಣಕಾಲೆತ್ತರದ ಹುಲ್ಲಿನ ಪಕ್ಕೆಗೆ ಒರೆಸಿದ ಹಾಗೆ ರಕ್ತ ಹತ್ತಿತ್ತು, ಬಗ್ಗಿ ನೋಡಿದ್ದಕ್ಕೆ ಸಿಕ್ಕಿತು. ತೊರೆಯ ಹತ್ತಿರ, ಬಿದ್ದ ಮರದ ಮಗ್ಗುಲಲ್ಲಿ ಜಿಂಕೆ ಸತ್ತು ಬಿದ್ದಿತ್ತು. ಹತ್ತಿರ ಹೋಗುವ ಮೊದಲು ಕಣ್ಣು ನೋಡಿದರು. ತೆರೆದ ಕಣ್ಣು, ಕಡ್ಡಿಯಿಂದ ಮುಟ್ಟಿದರೂ ಮಿಟುಕಲಿಲ್ಲ.

ಕೈಗವಸು ಹಾಕಿ ಅಲ್ಲೇ ಹೊಟ್ಟೆ ಬಗೆದು ಕರುಳು ತೆಗೆದರು. ಮೈಯ ಬಿಸಿ ಬೇಗ ಹೊರಗೆ ಹೋದಷ್ಟು ಮಾಂಸ ಚೆನ್ನ. ಮೇಲಿನ ಪಾರ್ಕಿಂಗ್ ಬಿಟ್ಟಿದ್ದರ ಇನ್ನೊಂದು ಲಾಭ ಆಗ ತಿಳಿಯಿತು. ಪ್ಲಾಸ್ಟಿಕ್ ಸ್ಲೆಡ್‌ನಲ್ಲಿ ಕಟ್ಟಿ ರಸ್ತೆಗೆ ಎಳೆದದ್ದೆಲ್ಲ ಇಳಿಜಾರು. ಮನೆಗೆ ಬಂದು ಮೈ ಪೂರ್ತಿ ರಕ್ತ ಹೀರುವ ಉಣ್ಣೆ ಹುಳು ಇದೆಯಾ ಅಂತ ನೋಡಿಕೊಂಡರು. ಲೈಮ್ ಕಾಯಿಲೆ ಹರಡುವ ಉಣ್ಣೆಗಳು ಆ ರಾಜ್ಯದಲ್ಲಿ ಜಾಸ್ತಿ, ಹಿಮ ಬೀಳುವ ಮೊದಲು ನವೆಂಬರ್‌ನಲ್ಲೂ ಓಡಾಡುತ್ತವೆ. ಜಿಂಕೆ ಸಿಕ್ಕ ಮರುದಿನ ಸಂಜೆ 5ರೊಳಗೆ ನೋಂದಾಯಿಸಬೇಕು ಅನ್ನೋದು ನಿಯಮ. ಫೋನಿನಲ್ಲೇ ರಾತ್ರಿ ಮುಗಿಸಿದರು.

ಸೀಸನ್ ಅಲ್ಲಿಗೆ ಮುಗಿಯಲಿಲ್ಲ. ಆ ಗುಡ್ಡಗಳಲ್ಲಿ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅಂತ ಒಂದು ಕಾಯಿಲೆ ಇದೆ, ಜಿಂಕೆಯ ಮಿದುಳನ್ನು ಸವೆಸಿ ಕೊಲ್ಲುವಂಥದ್ದು. ಮೊದಲು ಗುರುತಾದದ್ದು 1967ರಲ್ಲಿ ಕೊಲರಾಡೋದಲ್ಲಿ. ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾದದ್ದು 2002ರಲ್ಲಿ, ಮ್ಯಾಡಿಸನ್‌ನ ಪಶ್ಚಿಮಕ್ಕಿರುವ ಇದೇ ಸೀಮೆಯಲ್ಲಿ. ವೈರಸ್ ಅಲ್ಲ, ಬ್ಯಾಕ್ಟೀರಿಯಾ ಅಲ್ಲ. ಆಕಾರ ಕೆಟ್ಟ ಪ್ರಿಯಾನ್ ಎಂಬ ಪ್ರೋಟೀನ್, ಬೇಯಿಸಿದರೂ ನಾಶವಾಗುವುದಿಲ್ಲ. ಮನುಷ್ಯರಿಗೆ ತಗುಲಿದ್ದು ಖಚಿತವಾದ ಉದಾಹರಣೆ ಇಲ್ಲ. ಆದರೂ ಕಾಯಿಲೆ ಇದ್ದ ಜಿಂಕೆಯನ್ನು ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ರಾಜ್ಯದವರು ಪರೀಕ್ಷೆಯನ್ನು ಉಚಿತವಾಗಿ ಮಾಡುತ್ತಾರೆ. ಐದು ಇಂಚು ಕುತ್ತಿಗೆ ಸೇರಿಸಿ ತಲೆ ಕತ್ತರಿಸಿ, ಚೀಲಕ್ಕೆ ಹಾಕಿ, ಚೀಟಿ ತುಂಬಿ ಸಂಗ್ರಹ ಪೆಟ್ಟಿಗೆಗೆ ಹಾಕಿದರಾಯಿತು. ಗಂಟಲ ಬಳಿಯ ಗ್ರಂಥಿ ತೆಗೆದು ನೋಡುತ್ತಾರೆ.

ಗೆಳೆಯರು ತಲೆ ಕೊಟ್ಟು, ಮಾಂಸ ಕತ್ತರಿಸಿ, ತಾರೀಕು ಬರೆದು ಫ್ರೀಜರ್‌ನಲ್ಲಿಟ್ಟು, ಫಲಿತಾಂಶ ಬರುವ ತನಕ ಒಂದು ತುಂಡನ್ನೂ ಮುಟ್ಟಲಿಲ್ಲ, ಯಾರಿಗೂ ಹಂಚಲಿಲ್ಲ. ಮನೆಯಲ್ಲಿ ಮಸಾಲೆ ಅರೆದು ಕಾಯುವಷ್ಟು ಉತ್ಸಾಹ ಇದ್ದರೂ ತಡೆದರು. ಫಲಿತಾಂಶ ಬಂತು, ಪಾಸಿಟಿವ್. ನೋಡಲು ಕೊಬ್ಬಿ ಚೆನ್ನಾಗಿದ್ದ ಜಿಂಕೆ. ಕಾಯಿಲೆ ಹತ್ತಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗೆ ಏನೂ ಕಾಣದೆ ಇರಬಹುದು, ಹಾಗಾಗಿ ಕಣ್ಣಿನ ಅಂದಾಜು ನಂಬುವಂತಿಲ್ಲ. ಮಾಂಸವನ್ನೆಲ್ಲ ಎರಡು ಪದರದ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಟ್ಟರು. ಕಾಡಿಗೆ ಎಸೆಯಬಾರದು, ಪ್ರಿಯಾನ್ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಇದನ್ನು ಯಶಸ್ಸು ಅನ್ನಬೇಕಾ ಅಂತ ಅವರ ಹೆಂಡತಿ ಕೇಳಿದ್ದರಲ್ಲಿ ನ್ಯಾಯ ಇದೆ. ಬೇಟೆಯ ದೃಷ್ಟಿಯಿಂದ ನಾನು ಹೌದು ಅಂತೀನಿ. ಅಡುಗೆಮನೆಯ ದೃಷ್ಟಿಯಿಂದ ಅಲ್ಲ. ವಯಸ್ಸಾದ ಗಂಡುಗಳಲ್ಲಿ ಈ ಕಾಯಿಲೆ ಹೆಣ್ಣುಗಳಿಗಿಂತ ಹೆಚ್ಚು ಕಾಣುತ್ತದೆ. ಹಿಂಡನ್ನು ಹತೋಟಿಗೆ ತರುವುದು ಹೆಣ್ಣುಗಳ ಬೇಟೆಯೇ ಹೊರತು ಕೊಂಬಿನ ಬೇಟೆ ಅಲ್ಲ. ಎಂಟು ಗಂಟೆಗೆ ಬಂದ ಹೆಣ್ಣನ್ನೇ ಹೊಡೆದಿದ್ದರೆ ತಿನ್ನಲು ಮಾಂಸ ಸಿಗುವ ಸಾಧ್ಯತೆ ಜಾಸ್ತಿ ಇತ್ತು, ಪರೀಕ್ಷೆ ಆಗಲೂ ಬೇಕಿತ್ತು. ಮುಂದಿನ ಸೀಸನ್‌ಗೆ ಅವರು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಕಂಡಿ ಅದೇ, ದಾರಿ ಅದೇ, ಮೊದಲು ಬಂದ ಹೆಣ್ಣಿಗೆ ಈಡು. ಮಾಂಸ ಕಟ್ ಮಾಡಿಸಲು ಅಂಗಡಿಗೆ ಕೊಟ್ಟರೆ ಬೇರೆಯವರ ಜಿಂಕೆಯ ಜೊತೆ ಬೆರೆಸದೆ ಬೇರೆಯಾಗಿಯೇ ಮಾಡಿಕೊಡಬೇಕು ಅಂತ ಮೊದಲೇ ಮಾತು. ಮತ್ತೆ, ಮೂತ್ರದ ಬಾಟಲಿ ಯಾರಿಗಾದರೂ ಬೇಕಾದರೆ ಅವರ ಗ್ಯಾರೇಜ್‌ನಲ್ಲಿ ಸೀಲ್ ಒಡೆಯದ್ದು ಇನ್ನೂ ಇದೆ.